ಲೈನಿನ ನಡುವೆ ಕೂತವನು

ಫೋನು ಹಾಳಾಯಿತು, ಲೈನು ಸಿಗುವುದಿಲ್ಲ ಅಂತ ಯಾರಾದರೂ ನನ್ನ ಎದುರು ಗೋಳಾಡಿದರೆ ನನಗೆ ನಗು ಬರ್ತದೆ. ಹಾಳಾದ ಫೋನಿನಿಂದ ಯಾರ ಹೊಟ್ಟೆಗೂ ಏಟು ಬಿದ್ದದ್ದಿಲ್ಲ ಮಾರಾಯ್ರೆ. ನಮ್ಮನ್ನು ಬೀದಿಗೆ ತಂದದ್ದು ಒಂದಕ್ಷರ ತಪ್ಪದೆ ಸರಿಯಾಗಿ ಕೇಳ್ತಿದ್ದ ಫೋನು. ಇಷ್ಟು ವರ್ಷದ ಮೇಲೂ ಆ ಕರಿ ಡಬ್ಬದ ನೆನಪಾದರೆ ನನಗೆ ಮೈಯೆಲ್ಲ ಉರೀತದೆ.

ಬಂಟ್ವಾಳದಿಂದ ಮೂಡಬಿದ್ರೆಗೆ ಹೋಗುವ ದಾರಿಯಲ್ಲಿ, ಬಸ್ಸು ಚಾ ಕುಡಿಯಲಿಕ್ಕೆ ನಿಲ್ಲುವ ಒಂದು ಸಣ್ಣ ಪೇಟೆಯಲ್ಲಿ ನಮ್ಮ ಹೊಟೇಲು ಇತ್ತು. ಪೇಟೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಇಂದಿಗೂ ಬೆರಳು ತೋರಿಸಿ ಮಾತಾಡ್ತಾರೆ, ನನಗೆ ಅದು ಬೇಡ. ನಾನು ಬೆಳ್ತಂಗಡಿಯ ಹುಡುಗಿ, ಮದುವೆಯಾಗಿ ಅಲ್ಲಿಗೆ ಬಂದವಳು. ಬಂದ ಮರುದಿನದಿಂದ ಒಲೆ ನನ್ನದು, ಗಲ್ಲಾಪೆಟ್ಟಿಗೆ ನನ್ನ ಯಜಮಾನರದ್ದು. ಬೆಳಿಗ್ಗೆ ಸಜ್ಜಿಗೆ ಅವಲಕ್ಕಿ, ಹತ್ತು ಗಂಟೆಗೆ ಗೋಳಿಬಜೆ, ಮಧ್ಯಾಹ್ನ ಊಟ, ಸಂಜೆ ಬನ್ಸು. ಕಟ್ಟಡ ಬಾಡಿಗೆಯದ್ದು. ಕೆಳಗೆ ಹೊಟೇಲು, ಅದರ ಹಿಂದೆ ನಮ್ಮ ವಾಸ, ಮೇಲೆ ಎರಡು ಕೋಣೆಯ ಉಪ್ಪರಿಗೆ. ಉಪ್ಪರಿಗೆಯಲ್ಲಿ ನಾವು ಸೌದೆ, ತೆಂಗಿನಕಾಯಿ ಹಾಕ್ತಿದ್ದೆವು.

ಫೋನಿಗೆ ಅರ್ಜಿ ಕೊಟ್ಟದ್ದು ಇವರು. ಯಾವಾಗ ಕೊಟ್ಟದ್ದು ಅಂತ ನಮಗೇ ಮರೆತುಹೋಗುವಷ್ಟು ಕಾದೆವು. ಕೇಳಲಿಕ್ಕೆ ಹೋದಾಗಲೆಲ್ಲ "ಕಂಬ ಬರ್ಲಿಕ್ಕುಂಟು" ಅಂತಿದ್ದರು, ಕಂಬ ಬಂದ ಮೇಲೆ "ತಂತಿ ಬರ್ಲಿಕ್ಕುಂಟು" ಅಂದರು. ಕಡೆಗೊಂದು ದಿನ ಇಬ್ಬರು ಲೈನ್‌ಮ್ಯಾನ್‌ಗಳು ಬಂದು, ನಮ್ಮಲ್ಲೇ ಎರಡು ದಿನ ಉಂಡು, ಗಲ್ಲಾಪೆಟ್ಟಿಗೆಯ ಪಕ್ಕ ಅದನ್ನು ಕೂರಿಸಿ ಹೋದರು. ಇವರು ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ತಿರುಗಿಸಿದರು. ನನಗೂ ಖುಷಿಯಾಗಿತ್ತು, ಇಲ್ಲ ಅನ್ನುವುದಿಲ್ಲ. ಅಣ್ಣನಿಗೆ ಬೆಳ್ತಂಗಡಿ ಪೇಟೆಯಲ್ಲಿ ಜವಳಿ ಅಂಗಡಿ, ಅವನಲ್ಲಿ ಆಗಲೇ ಫೋನು ಉಂಟು. ಇನ್ನು ತವರಿನ ಸುದ್ದಿಗೆ ಬಸ್ಸಿನ ಕಂಡಕ್ಟರನ ಬಾಯಿ ಕಾಯಬೇಕಾಗಿಲ್ಲ ಅಂತ ನನ್ನ ಲೆಕ್ಕ.

ಅದರ ಸೇವೆಯ ಚಂದ ಕೇಳಿ. ಮಳೆ ಹಿಡಿದರೆ ಸತ್ತಿತು. ಒಂದು ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಸಾಕು, ಮಳೆಯ ಆಟಿ ತಿಂಗಳು ಪೂರ್ತಿ ಮೂಗಿ. ಆದರೆ ಬಿಲ್ಲು ಮಾತ್ರ ಮಳೆಗೂ ಹೆದರುತ್ತಿರಲಿಲ್ಲ, ಗಾಳಿಗೂ ಹೆದರುತ್ತಿರಲಿಲ್ಲ. ಬೇಸಿಗೆಯಲ್ಲಿ ಜೀವ ಬಂದರೆ ಟ್ರಂಕ್ ಕಾಲ್ ಎಂಬ ತಪಸ್ಸು. ಬೆಳಿಗ್ಗೆ ಹೇಳಿಟ್ಟರೆ ಮಧ್ಯಾಹ್ನ ಬೆಳ್ತಂಗಡಿ ಸಿಗ್ತದೆ, ನಾವು ಸೌಖ್ಯ ಕೇಳಿ ಮುಗಿಸುವಾಗ ಮೂರು ನಿಮಿಷ ಮುಗೀತದೆ. ಬೊಬ್ಬೆ ಹೊಡೆಯದೆ ಆಚೆಯವರಿಗೆ ಕೇಳ್ತಿರಲಿಲ್ಲ. ನಾನು ಬೊಬ್ಬೆ ಹೊಡೆದರೆ ಹೊಟೇಲಿನಲ್ಲಿ ಚಾ ಕುಡಿಯುವವರೆಲ್ಲ ಲೋಟ ಕೆಳಗಿಟ್ಟು, "ಅಕ್ಕ, ಅತ್ತಿಗೆಯ ಕಾಲುನೋವಿಗೆ ನುಗ್ಗೆಸೊಪ್ಪಿನ ಶಾಖ ಕೊಡ್ಲಿಕ್ಕೆ ಹೇಳಿ" ಅಂತ ಮದ್ದು ಹೇಳ್ತಿದ್ದರು.

ಆದರೆ ಒಂದು ಸುಖ ಇತ್ತು. ನಮ್ಮ ಪೇಟೆಯಲ್ಲಿ ನಂಬರು ಅಂತ ಯಾರೂ ಹೇಳ್ತಿರಲಿಲ್ಲ. ಪಕ್ಕದ ಹಿಡಿಯನ್ನು ನಾಲ್ಕು ಸುತ್ತು ತಿರುಗಿಸಿದರೆ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರ್ ಎತ್ತಿಕೊಳ್ತಿದ್ದ. "ಡಾಕ್ಟ್ರಿಗೆ ಕೊಡಿ" ಅಂದರೆ ಮುಗೀತು. "ಡಾಕ್ಟ್ರು ಈಗಷ್ಟೇ ಕಾರಲ್ಲಿ ಕಲ್ಲಡ್ಕದ ಕಡೆ ಹೋದ್ರು ಅಕ್ಕಾ, ಅಲ್ಲೇ ಹಿಡಿದು ಕೊಡ್ತೀನಿ ತಡೀರಿ" ಅಂತಿದ್ದ. ಹಿಡಿದೂ ಕೊಡ್ತಿದ್ದ. ಯಾರು ಎಲ್ಲಿ, ಯಾವಾಗ ಬರ್ತಾರೆ, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲ ಅವನಿಗೆ ಗೊತ್ತು. ಅದನ್ನೇ ನಾವು ದೊಡ್ಡ ಉಪಕಾರ ಅಂತ ತಿಳ್ಕೊಂಡು ಹೊಗಳ್ತಿದ್ದದ್ದು.

ಅವನು ಘಟ್ಟದ ಮೇಲಿನವನು. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಆ ಕಡೆಯ ಜನ ಒಬ್ಬೊಬ್ಬರೇ ಇಳಿದು ಬರ್ಲಿಕ್ಕೆ ಶುರುವಾಗಿತ್ತು, ಹಾಗೆ ಬಂದವನು. ಹೆಂಡತಿ ಊರಿನಲ್ಲಿ, ಅವನು ಇಲ್ಲಿಗೆ ಬಂದ ಮೇಲೆ ಹುಟ್ಟಿದ ಸಣ್ಣ ಮಗುವೂ ಅಲ್ಲಿಯೇ. ಇಲ್ಲಿ ಮನೆ ಸಿಗುವುದಿಲ್ಲ, ಎಕ್ಸ್‌ಚೇಂಜಿನ ಹಿಂದಿನ ಕೋಣೆಯಲ್ಲಿ ಚಾಪೆ. ಊಟ ಮೂರು ಹೊತ್ತೂ ನಮ್ಮಲ್ಲಿ. ಬಂದ ಹೊಸತರಲ್ಲಿ ನಮ್ಮ ಕುಚ್ಚಲಕ್ಕಿ ಅನ್ನ ಅವನ ಹೊಟ್ಟೆಗೆ ಆಗದೆ ನರಳಿದ. ಪಾಪ ಅಂತ ಅವನೊಬ್ಬನಿಗೆ ಬೆಳ್ತಿಗೆ ಅಕ್ಕಿ ಬೇರೆ ಪಾತ್ರೆಯಲ್ಲಿ ಬೇಯಿಸಿ ಹಾಕಿದೆ. ಜ್ವರ ಬಂದು ಮಲಗಿದಾಗ ಗಂಜಿ, ಉಪ್ಪಿನಕಾಯಿ ಅಲ್ಲಿಗೇ ಕಳಿಸಿದೆ. "ಹೆಂಡತಿಯನ್ನು ಯಾವಾಗ ಕರ್ಕೊಂಡು ಬರ್ತಿ? ಹೀಗೆ ಎಷ್ಟು ದಿನ?" ಅಂತ ಬೈದದ್ದಕ್ಕೆ ಲೆಕ್ಕ ಇಲ್ಲ. "ಮನೆ ಸಿಕ್ಕಿದ್ರೆ ನಾಳೇನೇ ಕರ್ಕೊಂಡ್ ಬತ್ತೀನಿ ಅಕ್ಕಾ" ಅಂತಿದ್ದ. ಅವನ ಮಾತು ಕೇಳಲಿಕ್ಕೆ ಚಂದ. ನಾವು ಅವನೊಟ್ಟಿಗೆ ಮಾತಾಡುವ ಕನ್ನಡ ಶಾಲೆಯ ಪುಸ್ತಕದ್ದು, ಅವನಿಗೆ ಅದು ತಮಾಷೆ.

ನಮಗೆ ಮನೆಯಲ್ಲಿ, ಪೇಟೆಯಲ್ಲಿ, ಜಗಳದಲ್ಲಿ, ಎಲ್ಲದಕ್ಕೂ ತುಳು. ಅವನು ಬಂದರೆ ಕನ್ನಡ, ತಿರುಗಿದರೆ ತುಳು. "ಆಯಗ್ ತುಳು ಬರ್ಪುಜಿ", ಅವನಿಗೆ ತುಳು ಬರುವುದಿಲ್ಲ ಅಂತ ಇಡೀ ಪೇಟೆ ತೀರ್ಮಾನ ಮಾಡಿ ಆಗಿತ್ತು. ಅವನ ಎದುರೇ ಅವನ ಚಪ್ಪಟೆ ಮೂಗಿಗೆ, ನಡೆಯುವ ರೀತಿಗೆ ತುಳುವಿನಲ್ಲಿ ನಗೆಯಾಡ್ತಿದ್ದರು. ಅವನು ಪೆದ್ದನ ಹಾಗೆ ಹಲ್ಲು ಬಿಡ್ತಿದ್ದ. ಹಾಗಾಗಿ ಫೋನಿನಲ್ಲಿಯೂ ಒಂದು ಕ್ರಮ ಬೆಳೀತು. ಊರಿಗೆಲ್ಲ ಗೊತ್ತಾದರೂ ತೊಂದರೆ ಇಲ್ಲದ ಮಾತು ಕನ್ನಡದಲ್ಲಿ, ಗುಟ್ಟು ತುಳುವಿನಲ್ಲಿ. ವ್ಯಾಪಾರದವರೂ ಹಾಗೇ, ಸಂಬಂಧ ಮಾತಾಡುವವರೂ ಹಾಗೇ. ಲೈನಿನ ನಡುವೆ ಕೂತು ಕೇಳುವವನು ಅವನೊಬ್ಬನೇ, ಅವನಿಗೆ ತುಳು ಬರುವುದಿಲ್ಲ, ಇನ್ನೇನು ಬೇಕು? ಎಷ್ಟು ಬುದ್ಧಿವಂತರು ನಾವು ನೋಡಿ.

ಹೀಗಿರುವಾಗ ಕಟ್ಟಡದ ವಿಷಯ ಬಂತು. ಅದರ ಯಜಮಾನಿ ಮೂಡಬಿದ್ರೆಯ ಹತ್ತಿರ ಪುತ್ತಿಗೆಯಲ್ಲಿ ಇದ್ದ ಒಬ್ಬರು ವಯಸ್ಸಾದ ಅಮ್ಮ. ಒಂದು ಗುರುವಾರ ಜನ ಕಳಿಸಿ ನಮ್ಮನ್ನು ಕರೆಸಿಕೊಂಡರು. ಇವರಿಗೆ ಹೊಟೇಲು ಬಿಡ್ಲಿಕ್ಕಾಗುವುದಿಲ್ಲ, ನಾನೇ ಹೋದೆ. "ನಾನು ಅದನ್ನು ಕೊಟ್ಟುಬಿಡ್ತೇನೆ. ಇಷ್ಟು ವರ್ಷ ನೀವು ಅದನ್ನು ನಿಮ್ಮದೇ ಹಾಗೆ ನೋಡ್ಕೊಂಡಿದ್ದೀರಿ, ಮೊದಲು ನಿಮಗೇ ಕೇಳ್ತಿದ್ದೇನೆ" ಅಂದರು. ಕ್ರಯ ಹೇಳಿದರು. ಸೋಮವಾರ ಮೂಡಬಿದ್ರೆಯ ರಿಜಿಸ್ಟ್ರಿ ಕಚೇರಿಗೆ ಬನ್ನಿ, ಅಲ್ಲಿಯವರೆಗೆ ಉಸಿರೆತ್ತಬೇಡಿ, ಗೊತ್ತಾದರೆ ಬೇರೆಯವರು ಬಂದು ನನ್ನ ತಲೆ ತಿನ್ತಾರೆ ಅಂದರು. ಬೇರೆಯವರು ಯಾರು ಅಂತ ನನಗೂ ಗೊತ್ತಿತ್ತು. ನಮ್ಮ ಎದುರಿನ ಅಕ್ಕಿ ಮಿಲ್ಲಿನ ಧಣಿಗೆ ಬಸ್ಸು ನಿಲ್ಲುವ ಆ ಜಾಗದ ಮೇಲೆ ಮೊದಲಿಂದಲೂ ಕಣ್ಣು. ಆ ಕಟ್ಟಡ ಕೈತಪ್ಪಿದರೆ ನಮಗೆ ಬೇರೆ ಜೀವನ ಇರಲಿಲ್ಲ. ಗದ್ದೆ ಇಲ್ಲ, ತೋಟ ಇಲ್ಲ, ಬಸ್ಸು ನಿಲ್ಲುವಲ್ಲಿ ಒಲೆ ಉರಿದರೆ ಮಾತ್ರ ನಮ್ಮ ಅನ್ನ.

ಮರುದಿನ ಮಧ್ಯಾಹ್ನ ಊಟದವರೆಲ್ಲ ಎದ್ದು ಹೋದ ಮೇಲೆ ಬಾಗಿಲು ಅರ್ಧ ಎಳೆದು ಅಣ್ಣನಿಗೆ ಬೆಳಿಗ್ಗೆಯೇ ಹೇಳಿಟ್ಟಿದ್ದ ಟ್ರಂಕಿಗೆ ಹಿಡಿ ತಿರುಗಿಸಿದೆ. ಇವರು ಸಾಮಾನು ತರ್ಲಿಕ್ಕೆ ಬಂಟ್ವಾಳಕ್ಕೆ ಹೋಗಿದ್ದರು. ಅಡುಗೆಗೆ ಸಹಾಯಕ್ಕಿದ್ದ ಅಜ್ಜಿ ಹಿತ್ತಿಲಲ್ಲಿ ಪಾತ್ರೆ ತೊಳೀತಾ ಇದ್ದಳು. ಆಪರೇಟರಿಗೆ ಕನ್ನಡದಲ್ಲಿ "ಅಣ್ಣನಿಗೆ ಕೊಡಪ್ಪ" ಅಂದೆ. "ಕೊಡ್ತೀನಿ ಅಕ್ಕಾ. ಇವತ್ತು ಕಡಲೆ ಗಸಿ ಬಾಳ ಚೆನ್ನಾಗಿತ್ತು" ಅಂದ. ಅಂದು ಲೈನು ಎಂದೂ ಇಲ್ಲದಷ್ಟು ಸ್ಪಷ್ಟ ಇತ್ತು, ಬೊಬ್ಬೆ ಬೇಕಾಗಲಿಲ್ಲ. ಅಣ್ಣ ಸಿಕ್ಕಿದ ಕೂಡಲೇ ತುಳುವಿಗೆ ಇಳಿದೆ. ಸೋಮವಾರ ರಿಜಿಸ್ಟ್ರಿ, ಅಮ್ಮ ಇನ್ನೂ ಯಾರಿಂದಲೂ ಮುಂಗಡ ತೆಗೊಂಡಿಲ್ಲ, ನೀನು ಸ್ವಲ್ಪ ಕೈ ಹಿಡಿಯಬೇಕು ಅಂದೆ. "ನನ್ನ ಬಳೆ ಬಿಚ್ಚಿದರೂ ಅಮ್ಮ ಹೇಳಿದ ಕ್ರಯದ ಮೇಲೆ ಒಂದು ಕಾಸು ಏರ್ಲಿಕ್ಕೆ ನಮ್ಮಿಂದ ಆಗುವುದಿಲ್ಲ" ಅಂತಲೂ ಅಂದೆ. ಬಳೆಯ ಮಾತು ಇವರಿಗೂ ಹೇಳಿರಲಿಲ್ಲ. ಹೇಳಿದರೆ ಇವರು ಬಿಡ್ತಿರಲಿಲ್ಲ, ಬಳೆ ಮುಟ್ಟಬೇಡ ಅಂತ ಹಟ ಹಿಡೀತಿದ್ದರು. ಅಣ್ಣ "ಹೆದರಬೇಡ, ನಾನಿದ್ದೇನೆ" ಅಂದ. ಅಷ್ಟರಲ್ಲಿ ಲೈನು ಕಡಿದುಹೋಯ್ತು, ನನಗೆ ಅದೂ ಬೇಸರ ಅನ್ನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟರು, ನಾನೂ ಹೊರಟೆ. ಹೊಟೇಲಿಗೆ ಬಾಗಿಲು ಹಾಕಿದ್ದು ವರ್ಷಗಳಲ್ಲಿ ಅದೇ ಮೊದಲು. ಮೂಡಬಿದ್ರೆಯಲ್ಲಿ ಅಣ್ಣ ಮೊದಲೇ ಬಂದು ನಿಂತಿದ್ದ. ಅಮ್ಮ ಬರಲಿಲ್ಲ. ಕಾದು ಸಾಕಾಗಿ ಮೂವರೂ ಪುತ್ತಿಗೆಗೆ ಹೋದೆವು. ಅಮ್ಮ ಜಗಲಿಯಲ್ಲಿ ಕೂತಿದ್ದರು, ನಮ್ಮನ್ನು ನೋಡಿ ಸೆರಗು ಸರಿಮಾಡ್ಕೊಂಡು ಮುಖ ತಗ್ಗಿಸಿದರು.

"ಶನಿವಾರ ಮಿಲ್ಲಿನವರು ಕಾರಲ್ಲಿ ಬಂದಿದ್ರು. ನಿಮಗಿಂತ ಮೇಲೆ ಕೊಟ್ರು. ನಾನು ನಿಮಗೆ ಮಾತು ಕೊಟ್ಟಿದ್ದೇನೆ ಅಂದೆ. 'ಅವಳು ಬಳೆ ಬಿಚ್ಚಿದರೂ ಇದಕ್ಕಿಂತ ಮೇಲೆ ಒಂದು ಕಾಸು ಏರುವುದಿಲ್ಲ, ನೀವು ಕಾಯುವುದು ಯಾಕೆ' ಅಂದ್ರು. ನನಗೂ ಔಷಧಿಯ ಖರ್ಚು ಉಂಟಲ್ಲ ಮಗಳೇ" ಅಂದರು ಅಮ್ಮ.

ಅಮ್ಮ ಮಾತು ತಪ್ಪಿದ್ದು ನನಗೆ ಆ ಕ್ಷಣ ಲೆಕ್ಕಕ್ಕೇ ಬರಲಿಲ್ಲ. ಬಳೆ ಬಿಚ್ಚಿದರೂ ಅನ್ನುವುದು ನನ್ನ ಮಾತು. ನನ್ನ ಬಾಯಿಂದ ಬಿದ್ದ ಮಾತು ಮೂರು ದಿನದಲ್ಲಿ ಪುತ್ತಿಗೆಯ ಜಗಲಿಯಲ್ಲಿ ನನಗೇ ಕೇಳಿಸಿತು. ಇವರು ನನ್ನ ಬಳೆ ನೋಡಿದರು, ಮತ್ತೆ ಅಣ್ಣನ ಮುಖ ನೋಡಿದರು. ಆ ನೋಟದಲ್ಲೇ, ತನ್ನ ಮೇಲೆ ಅನುಮಾನ ಅಂತ ಅಣ್ಣನಿಗೆ ಗೊತ್ತಾಯ್ತು. ನಮ್ಮೊಟ್ಟಿಗೆ ಊಟಕ್ಕೂ ನಿಲ್ಲದೆ, ಸಿಕ್ಕಿದ ವೇಣೂರು ಬಸ್ಸು ಹತ್ತಿ ಹೊರಟುಹೋದ.

ಮನೆಗೆ ಬಂದ ಮೇಲೆ ಇವರದ್ದು ಒಂದೇ ವರಾತ. "ನೀನು ಹೇಳಿದ್ದು ಅವನೊಬ್ಬನಿಗೆ. ಮತ್ತೆ ಯಾರು, ಗೋಡೆ ಹೋಗಿ ಹೇಳಿತಾ? ಅವನಿಗೂ ಮಿಲ್ಲಿನವರಿಗೂ ಜವಳಿಯ ವ್ಯವಹಾರ ಉಂಟು."

"ನನ್ನ ಅಣ್ಣನ ಸುದ್ದಿಗೆ ಬಂದರೆ ನೋಡಿ ಮತ್ತೆ!" ಅಂದೆ. "ಮನೆಯ ಹೆಂಗಸಿನ ಬಳೆಯ ಮಾತನ್ನು ಬೀದಿಯಲ್ಲಿ ಮಾರುವ ಜನ ಅಲ್ಲ ನಾವು."

ಜೀವನದಲ್ಲಿ ಅಷ್ಟು ಜೋರು ನಾವು ಜಗಳ ಮಾಡಿದ್ದಿಲ್ಲ. ಅವರು ಊಟ ಬಿಟ್ಟು ಎದ್ದರು. ನಾನು ಒಲೆಯ ಮುಂದೆ ಕೂತು ಯೋಚನೆ ಮಾಡಿದೆ. ನನ್ನ ಬಾಯಿಗೂ ಅಣ್ಣನ ಕಿವಿಗೂ ನಡುವೆ ಏನಿತ್ತು? ಒಂದು ತಂತಿ ಇತ್ತು. ತಂತಿಯ ನಡುವೆ ಒಬ್ಬ ಮನುಷ್ಯ ಇದ್ದ. ಛೇ ಛೇ, ಆಯಗ್ ತುಳು ಬರ್ಪುಜಿ ಅಂತ ನನಗೆ ನಾನೇ ಹೇಳಿಕೊಂಡೆ. ಅವನು ನಮ್ಮ ಮನೆಯ ಅನ್ನ ಉಣ್ಣುವವನು. ಮತ್ತೆ ಇನ್ನೊಂದು ಮನಸ್ಸು ಹೇಳಿತು, ಮೂರು ಹೊತ್ತು ಈ ಅಡುಗೆಮನೆಯ ಬಾಗಿಲಲ್ಲಿ ಕೂತು ಉಂಡವನಿಗೆ ನಾಲ್ಕು ವರ್ಷದಲ್ಲಿ ತುಳು ಬರುವುದಿಲ್ಲ ಅಂತ ನಿನಗೆ ಹೇಳಿದ್ದು ಯಾರು? ಕಾಗೆಗೂ ಬರ್ತದೆ!

ಮರುದಿನ ರಾತ್ರಿ ಅವನು ಡ್ಯೂಟಿ ಮುಗಿಸಿ ಯಾವತ್ತಿನ ಹಾಗೆ ಎಲ್ಲರ ಊಟವಾದ ಮೇಲೆ ಬಂದ. ಹೊಟೇಲಿನಲ್ಲಿ ಬೇರೆ ಗಿರಾಕಿ ಇಲ್ಲ. ಎಲೆ ಹಾಕಿದೆ, ಅವನ ಬೆಳ್ತಿಗೆ ಅನ್ನ ಬಡಿಸಿದೆ, ಸಾಂಬಾರು ಹೊಯ್ದೆ. ಕಲಸಿ ತುತ್ತು ಮಾಡಿ ಬಾಯಿಯ ಹತ್ತಿರ ತಂದ. ನಾನು ಅವನ ಕಡೆ ನೋಡದೆ, ನೀರು ತಾ ಅನ್ನುವಷ್ಟೇ ಸಾದಾ ಸ್ವರದಲ್ಲಿ, ಹಿತ್ತಿಲಲ್ಲಿದ್ದ ಅಜ್ಜಿಗೆ ತುಳುವಿನಲ್ಲಿ ಕೂಗಿ ಹೇಳಿದೆ. "ಆ ಹಲ್ಲಿ ಬಿದ್ದ ಸಾಂಬಾರು ಇನ್ನು ಯಾರಿಗೂ ಬೇಡ, ತೆಂಗಿನ ಬುಡಕ್ಕೆ ಚೆಲ್ಲು."

ತುತ್ತು ಬಾಯಿಯ ಹತ್ತಿರವೇ ನಿಂತಿತು.

ಅಜ್ಜಿ "ಅಯ್ಯೋ ದೇವರೇ, ಹಲ್ಲಿಯಾ? ಯಾವಾಗ?" ಅಂತ ಸೌಟು ಹಿಡ್ಕೊಂಡು ಓಡಿ ಬಂದಳು. ಅವಳಿಗೆ ನನ್ನ ಉಪಾಯ ಗೊತ್ತಿಲ್ಲ ಪಾಪ. ನಾನು ಅವಳನ್ನು ಹೊರಗೆ ಕಳಿಸಿದೆ. ಅವನು ತುತ್ತನ್ನು ಎಲೆಗೆ ಹಾಕಿ ತಲೆ ತಗ್ಗಿಸಿ ಕೂತಿದ್ದ.

"ಹಲ್ಲಿ ಬೀಳ್ಲಿಲ್ಲ, ಉಣ್ಣು" ಅಂದೆ, ತುಳುವಿನಲ್ಲಿಯೇ.

ಅವನು ತುಳುವಿನಲ್ಲಿಯೇ ಬಾಯಿ ಬಿಟ್ಟ. ಏನು ತುಳು ಅಂತೀರಿ! ಪೇಟೆಯ ತುಳು ಅಲ್ಲ, ನನ್ನದೇ ತುಳು. ನಾನು ಅಜ್ಜಿಯನ್ನು ಬೈಯುವ ಧಾಟಿ, ನಾನು ಮಾತಿನ ಕೊನೆಯನ್ನು ಎಳೆಯುವ ರಾಗ, ಎಲ್ಲ ಹಾಗೇ. ನನ್ನ ಅನ್ನದ ಜೊತೆ ನನ್ನ ನಾಲಗೆಯನ್ನೂ ತಿಂದಿದ್ದಾನೆ ಅನ್ನಿಸಿತು.

"ಮೊದಲು ಬರ್ತಿರ್ಲಿಲ್ಲ ಅಕ್ಕ. ಬಂದ ಮೇಲೆ ಹೇಳ್ಲಿಕ್ಕೆ ನಾಚಿಕೆಯಾಯ್ತು. ಅಷ್ಟರೊಳಗೆ ನನ್ನನ್ನು ಯಾರು ಯಾರು ಏನೇನು ಹೇಳ್ತಾರೆ ಅಂತ ಕೇಳಿ ಆಗಿತ್ತು. ಬರ್ತದೆ ಅಂದ್ರೆ ಯಾರ ಮುಖ ನೋಡುವುದು?"

"ಅದು ಬಿಡು. ನನ್ನ ಮಾತನ್ನು ಮಿಲ್ಲಿನವನಿಗೆ ಯಾಕೆ ಕೊಟ್ಟೆ?"

ಎಲೆಯನ್ನು ಸ್ವಲ್ಪ ಆಚೆ ಸರಿಸಿದ. ಆಮೇಲೆ ಹೇಳಿದ. ಮಿಲ್ಲಿನ ಧಣಿ ಬಹಳ ಸಮಯದಿಂದ ಅವನ ಬೆನ್ನು ಹತ್ತಿದ್ದನಂತೆ. ಕಟ್ಟಡದ ಸುದ್ದಿ ಏನಾದರೂ ಲೈನಿನಲ್ಲಿ ಬಂದರೆ ಹೇಳು, ಕಟ್ಟಡ ನನ್ನದಾದರೆ ಉಪ್ಪರಿಗೆ ನಿನಗೆ, ಬಾಡಿಗೆ ಕೂಡ ಕೇಳುವುದಿಲ್ಲ, ಹೆಂಡತಿ ಮಗುವನ್ನು ಕರೆಸಿಕೋ ಅಂದಿದ್ದನಂತೆ. "ಮಗು ನನ್ನನ್ನು ನೋಡಿದ್ರೆ ಅಳ್ತದೆ ಅಕ್ಕ, ಗುರುತು ಸಿಗುವುದಿಲ್ಲ. ನೀವೇ ಹೇಳ್ತಿದ್ರಿ ಕರ್ಕೊಂಡು ಬಾ, ಕರ್ಕೊಂಡು ಬಾ ಅಂತ. ನಿಮ್ಮನ್ನು ಎಬ್ಬಿಸ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ. ಬಾಡಿಗೆ ಅವರಿಗೆ ಕೊಡ್ತೀರಿ ಅಷ್ಟೇ ಅಂತ ತಿಳ್ಕೊಂಡೆ."

ಉಪ್ಪರಿಗೆ! ಒಂದು ಮಾತು ಕೇಳಿದ್ದರೆ ಸೌದೆ ತೆಗೆಸಿ ಗುಡಿಸಿ ನಾನೇ ಕೊಡ್ತಿದ್ದೆ. ಅವನಿಗೆ ಕೇಳಬೇಕು ಅಂತ ಕಾಣಲಿಲ್ಲ, ನನಗೆ ಕೊಡಬೇಕು ಅಂತ ಹೊಳೆಯಲಿಲ್ಲ. ಅದನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸ್ತದೆ. ಆದರೆ ಅಂದು ಅವನ ಎದುರು ಹಾಗೆ ಹೇಳಲಿಲ್ಲ. "ಏಳು, ಕೈ ತೊಳೆ. ಇನ್ನು ಈ ಹೊಸ್ತಿಲು ದಾಟಬೇಡ" ಅಂದೆ. ಅವನು ಎಲೆಯನ್ನು ತಾನೇ ಎತ್ತಿಕೊಂಡು ಹೋದ.

ಇವರು ಫೋನಿನ ದೊಡ್ಡ ಆಪೀಸಿಗೆ ಹೋಗಿ ದೂರು ಕೊಟ್ಟರು. ಅಲ್ಲಿಯ ಆಪೀಸರು ಎಲ್ಲ ಕೇಳಿ, "ನಮ್ಮ ಆಪರೇಟರು ನಿಮ್ಮ ಮಾತು ಕೇಳಿದ್ದಕ್ಕೆ ಸಾಕ್ಷಿ ಏನುಂಟು?" ಅಂದರಂತೆ. ಏನು ಹೇಳುವುದು? ಬೀಳದೇ ಇದ್ದ ಹಲ್ಲಿಯನ್ನು ಸಾಕ್ಷಿಗೆ ಕರ್ಕೊಂಡು ಹೋಗುವುದಾ? "ಲೈನಿನಲ್ಲಿ ಗುಟ್ಟು ಮಾತಾಡುವುದು ನಿಮ್ಮದೇ ತಪ್ಪು" ಅಂತ ಬುದ್ಧಿಯೂ ಹೇಳಿ ಕಳಿಸಿದರು. ಆ ತಿಂಗಳ ಬಿಲ್ಲಿನಲ್ಲಿ ಅಣ್ಣನಿಗೆ ಮಾಡಿದ ಆ ಟ್ರಂಕೂ ಸೇರಿತ್ತು. ಅದನ್ನೂ ಕಟ್ಟಿದೆವು.

ಧಣಿ ಮಳೆಗಾಲದ ಮೊದಲು ಜಾಗ ಖಾಲಿ ಮಾಡಿ ಅಂದ. ಇವರು ಬೆಳ್ತಂಗಡಿಗೆ ಹೋಗಿ ಅಣ್ಣನ ಕೈ ಹಿಡಿದು ಮಾತಾಡಿ ಬಂದರು. ಅಣ್ಣ ಚಾ ಕೊಟ್ಟ, ಮಾತಾಡಿದ, ಮುಖ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಅನುಮಾನ ಒಮ್ಮೆ ಬಿದ್ದ ಮೇಲೆ ಬಿತ್ತು, ಅದನ್ನು ಏನು ಮಾಡ್ಲಿಕ್ಕಾಗ್ತದೆ. ಬಂಟ್ವಾಳದ ಒಂದು ಗಲ್ಲಿಯಲ್ಲಿ ಸಣ್ಣ ಕೋಣೆ ಸಿಕ್ಕಿತು, ಬಸ್ಸು ನಿಲ್ಲದ ಜಾಗ, ಆದರೂ ಹೋಗುವ ಅಂದೆವು. ಬಳೆ ಆ ಕೋಣೆಗೇ ಹೋಯ್ತು.

ಹೊರಡುವ ದಿನ ಪಾತ್ರೆ, ರುಬ್ಬುವ ಕಲ್ಲು ಎಲ್ಲ ಎತ್ತಿನ ಗಾಡಿಯಲ್ಲಿ ಮುಂದೆ ಕಳಿಸಿ, ನಾವಿಬ್ಬರು ಬಸ್ಸಿಗೆ ಕಾಯ್ತಾ ನಿಂತಿದ್ದೆವು. ಬಂಟ್ವಾಳದ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬಳು ಹೆಂಗಸು ಇಳಿದಳು. ಕಂಕುಳಲ್ಲಿ ಮಗು, ಕೈಯಲ್ಲಿ ತಗಡಿನ ಪೆಟ್ಟಿಗೆ. ನಮ್ಮ ಕಡೆಯ ಸೀರೆ ಉಡುವ ಕ್ರಮ ಅಲ್ಲ. ಅವಳು ಕಟ್ಟಡವನ್ನು ನೋಡಿದಳು, ನನ್ನನ್ನು ನೋಡಿದಳು, ಮುಖ ಅರಳಿತು.

"ಹೋಟ್ಲಕ್ಕ ಅಂದ್ರೆ ನೀವೇ ಏನು?" ಅಂದವಳು ಅಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದಳು. "ಜ್ವರದಾಗೆ ನೀವು ಗಂಜಿ ಕೊಟ್ಟಿದ್ದು ಎಲ್ಲ ಹೇಳವ್ರೆ. ಭಾಷೆ ಬರದ ಊರು, ನಾ ಬರಲ್ಲ ಅಂತಿದ್ದೆ ಅಕ್ಕಾ. 'ಕೆಳಗೇ ಅಕ್ಕನ ಹೋಟ್ಲು ಐತೆ, ನಿಂಗೇನು ಹೆದರಿಕೆ, ಅಕ್ಕ ನೋಡ್ಕಂತಾರೆ' ಅಂದ್ರು. ಅದ್ಕೇ ಬಂದೆ."

ನನ್ನ ಯಜಮಾನರು ಆಚೆ ಮುಖ ತಿರುಗಿಸಿದರು. ಮಗು ನನ್ನ ಬರಿಗೈ ಹಿಡಿದು ಆಡ್ತಾ ಇತ್ತು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ನಿಂತಿದ್ದ ನನಗೆ ಆ ಹೆಣ್ಣಿನ ಮೇಲೆ ಒಂದು ಚೂರು ಸಿಟ್ಟು ಬರಲಿಲ್ಲ. ಅವನನ್ನು ನಂಬಿ ಅವಳಿಗೂ ನನ್ನ ಹಾಗೇ ಮೋಸ ಆಗಿತ್ತು, ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ ಅಷ್ಟೇ.

"ಹೊಟೇಲು ಇಲ್ಲಮ್ಮ" ಅಂದೆ. "ನಾವು ಹೋಗ್ತಾ ಇದ್ದೇವೆ."

"ಯಾಕಕ್ಕಾ?"

ಬಂಟ್ವಾಳಕ್ಕೆ ಹೋಗುವ ಬಸ್ಸು ಬಂತು. ಇವರು ಹತ್ತಿ ನನ್ನ ಕಡೆ ಕೈ ಚಾಚಿದರು.

"ನಿನ್ನ ಗಂಡನನ್ನು ಕೇಳು" ಅಂದೆ. "ನನಗೆ ತುಳುವಿನಲ್ಲಿ ಹೇಳಿದ್ದಾನೆ. ನಿನಗೆ ಕನ್ನಡದಲ್ಲಿ ಹೇಳ್ಲಿ."